ಗೈಡಿನ ಹಳ್ಳಿಯಲ್ಲಿ ನಮ್ಮ ಕೇರಿ ಇಲ್ಲ

ಸಂಜೆ ಏಳರ ಮೇಲೆ ನಮ್ಮ ಕೇರಿಯ ಅಂಬೇಡ್ಕರ್ ಭವನದಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳನ್ನು ಕೂರಿಸಿಕೊಂಡು ನಾವು ನಾಲ್ಕು ಜನ ಇಂಗ್ಲಿಷ್ ಪಾಠ ಹೇಳುತ್ತೇವೆ. ನಾವೇನೂ ಮೇಷ್ಟ್ರುಗಳಲ್ಲ. ನಮ್ಮ ನಮ್ಮ ಮನೆಗಳಲ್ಲಿ ಮೊದಲ ಸಲ ಡಿಗ್ರಿಯ ಮುಖ ಕಂಡವರು. ಕೆಲಸಕ್ಕೆ ಅರ್ಜಿ ಹಾಕಿ ಕಾಯುತ್ತ ಕೂತವರು. ನಡುವೆ ನಾಕು ಸಾಲು ಪದ್ಯ ಬರೆಯುವವರು. ಮಕ್ಕಳು ನಮ್ಮನ್ನು ಅಣ್ಣ, ಅಕ್ಕ ಅನ್ನುತ್ತವೆ. ಕರೆಂಟು ಹೋದರೆ ಪಾಠ ನಿಲ್ಲುತ್ತದೆ, ಮಾತು ನಿಲ್ಲುವುದಿಲ್ಲ.

ಒಂದು ದಿನ 'ನನ್ನ ಹಳ್ಳಿ' ಅನ್ನುವ ಪ್ರಬಂಧವನ್ನು ಇಂಗ್ಲಿಷಿನಲ್ಲಿ ಬರೆದು ತರಲು ಹೇಳಿದೆವು. ಹನ್ನೊಂದು ಮಕ್ಕಳು ಬರೆದು ತಂದರು. ಹನ್ನೊಂದೂ ಒಂದೇ ಪ್ರಬಂಧ. ಊರ ನಡುವೆ ಒಂದು ದೇವಸ್ಥಾನ, ಪಕ್ಕದಲ್ಲಿ ಹರಿಯುವ ನದಿ, ಹಸಿರು ಗದ್ದೆ, ಒಗ್ಗಟ್ಟಾಗಿ ಬಾಳುವ ಜನ. ಕೊನೆಗೆ, 'ಎವೆರಿ ಮಾರ್ನಿಂಗ್ ಐ ಗೋ ಟು ದ ಟೆಂಪಲ್.' ನಮ್ಮೂರಲ್ಲಿ ನದಿ ಇಲ್ಲ, ಇರುವುದು ಬತ್ತಿದ ಕೆರೆ. ಅದು ಹೋಗಲಿ. ಕೊನೆಯ ಸಾಲು ಓದಿದ ಹುಡುಗನನ್ನು ಕೇಳಿದೆವು:

'ಲೋ, ನೀನು ಯಾವತ್ತಾದರೂ ಆ ಗುಡಿ ಒಳಕ್ಕೆ ಹೋಗಿದ್ದೀಯೇನೋ?'

'ಇಲ್ಲ ಕಣಣ್ಣ. ಗೈಡಲ್ಲಿ ಹಂಗೇ ಐತೆ.'

ಮೊದಲು ಎಲ್ಲರೂ ನಕ್ಕೆವು. ಆಮೇಲೆ ಯಾರಿಗೂ ನಗು ಬರಲಿಲ್ಲ. ಹೊಸಿಲು ದಾಟಲು ಬಿಡದ ಗುಡಿಗೆ ದಿನಾ ಬೆಳಿಗ್ಗೆ ಹೋಗುತ್ತೇನೆ ಅಂತ ನಮ್ಮ ಹುಡುಗ ಪರಭಾಷೆಯಲ್ಲಿ ಬಾಯಿಪಾಠ ಮಾಡಿದ್ದಾನೆ. ಅಷ್ಟು ಮಾಡಿದರೂ ಮಾರ್ಕ್ಸು ಬರುತ್ತದೆ ಅನ್ನುವ ಖಾತ್ರಿ ಇಲ್ಲ. ನಡುವೆ ಒಂದು ಸಾಲು ಮರೆತರೆ ಮುಂದಿನದೆಲ್ಲ ಮರೆತ ಹಾಗೆ. ಆ ಒಂದು ಸಬ್ಜೆಕ್ಟಿನಲ್ಲಿ ಡುಮ್ಕಿ ಹೊಡೆದರೆ ಹುಡುಗ ಬೆಂಗಳೂರಿನ ಗಾರೆ ಕೆಲಸಕ್ಕೆ, ಹುಡುಗಿ ಗಾರ್ಮೆಂಟ್ಸಿಗೆ. ಗೆಳೆಯರೇ, ಪ್ರಬಂಧ ಎನ್ನುವುದು ನಮ್ಮ ಕೇರಿಯಲ್ಲಿ ಸಾಹಿತ್ಯದ ಪ್ರಶ್ನೆ ಅಲ್ಲ. ಹೊಟ್ಟೆಯ ಪ್ರಶ್ನೆ.

ಈ ಇಂಗ್ಲಿಷ್ ನಮ್ಮ ಹತ್ತಿರಕ್ಕೆ ಯಾವ ದಾರಿಯಲ್ಲಿ ಬಂತು, ಬರುವ ದಾರಿಯಲ್ಲಿ ಯಾರು ಯಾರು ಅಡ್ಡ ನಿಂತರು, ನಮ್ಮವರು ಅದನ್ನು ಹೇಗೆ ಕಸಿದುಕೊಂಡರು ಎಂದು ತಿಳಿಯದೆ ಈ ಗೈಡಿನ ರೋಗಕ್ಕೆ ಮದ್ದು ಸಿಕ್ಕುವುದಿಲ್ಲ ಎಂದು ನಮಗೆ ಅನ್ನಿಸಿತು. ಅದಕ್ಕೇ ಈ ಬರಹ.

ಮೇಲಿನಿಂದ ಜಿನುಗಿದ ವಿದ್ಯೆ

1835ರ ಫೆಬ್ರವರಿಯಲ್ಲಿ ಮೆಕಾಲೆ ತನ್ನ ಟಿಪ್ಪಣಿ ಬರೆದ. ಮಾರ್ಚಿಯಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಅದನ್ನು ಒಪ್ಪಿದ. ಸರ್ಕಾರದ ದುಡ್ಡು ಇಂಗ್ಲಿಷ್ ವಿದ್ಯೆಗೆ ಅಂತ ತೀರ್ಮಾನವಾಯಿತು. ಯಾರಿಗೆ? ಎಲ್ಲರಿಗೂ ಕಲಿಸಲು ದುಡ್ಡಿಲ್ಲ, ಆದ್ದರಿಂದ ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡುವೆ ದುಭಾಷಿಗಳಂತೆ ನಿಲ್ಲುವ ಒಂದು ವರ್ಗವನ್ನು ತಯಾರು ಮಾಡೋಣ ಎಂಬುದು ಮೆಕಾಲೆಯ ಲೆಕ್ಕ. ಮೇಲೆ ಸುರಿದರೆ ಕೆಳಕ್ಕೆ ತಾನಾಗಿ ಜಿನುಗುತ್ತದೆ ಎಂದು ನಂಬಿಸಿದರು. ಆದರೆ ಈ ದೇಶದಲ್ಲಿ ಮೇಲಿನಿಂದ ಕೆಳಕ್ಕೆ ಏನು ಜಿನುಗುತ್ತದೆಂದು ಚರಂಡಿ ತೊಳೆದವರಿಗೆ ಗೊತ್ತು. ವೇದವನ್ನು ಕಿವಿಗೆ ಬೀಳದಂತೆ ಕಾಯ್ದುಕೊಂಡವರೇ ಇಂಗ್ಲಿಷಿಗೂ ಮೊದಲ ಸಾಲಿನಲ್ಲಿ ನಿಂತರು. ಬೀಗ ಬದಲಾಯಿತು, ಬೀಗದ ಕೈ ಇದ್ದ ಕೈ ಬದಲಾಗಲಿಲ್ಲ.

ಇದಕ್ಕೆ ಸಾಕ್ಷಿ ನಮ್ಮ ಧಾರವಾಡದಲ್ಲೇ ಇದೆ. 1856ರ ಜೂನ್ ತಿಂಗಳು. ಧಾರವಾಡ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಒಬ್ಬ ಮಹಾರ್ ಹುಡುಗ ಕೇಳಿದ. ಸೇರಿಸಲಿಲ್ಲ. ಅವನು ಸುಮ್ಮನಾಗಲಿಲ್ಲ. ಸರ್ಕಾರಕ್ಕೇ ಅರ್ಜಿ ಕೊಟ್ಟ. ಚರಿತ್ರೆಯ ಪುಸ್ತಕಗಳು ಅವನನ್ನು 'ಒಬ್ಬ ಮಹಾರ್ ಹುಡುಗ' ಎಂದೇ ಕರೆಯುತ್ತವೆ. ಜುಲೈ 21ರಂದು ಮುಂಬಯಿ ಸರ್ಕಾರ ನಿರ್ಣಯ ಕೊಟ್ಟಿತು. ನ್ಯಾಯ ಎನ್ನುವುದು ಅರ್ಜಿದಾರನ ಕಡೆಗೇ ಇದೆ ಎಂದು ಒಪ್ಪಿತು. ಆದರೆ ಒಬ್ಬಿಬ್ಬರಿಗೋಸ್ಕರ ಶತಮಾನಗಳ ಪೂರ್ವಗ್ರಹಕ್ಕೆ ದಿಢೀರನೆ ಕೈ ಹಾಕಿದರೆ ವಿದ್ಯಾಭ್ಯಾಸಕ್ಕೇ ಧಕ್ಕೆ ಬರುತ್ತದೆ ಎಂದಿತು. ಈ ಹುಡುಗನ ತೊಂದರೆಯನ್ನು ನಾವು ಹುಟ್ಟಿಸಿದ್ದಲ್ಲ ಎಂದೂ ಸೇರಿಸಿತು.

ನ್ಯಾಯ ನಿನ್ನದು, ಶಾಲೆ ಅವರದು! ಈ ಮಾತನ್ನು ಇವತ್ತಿಗೂ ಬೇರೆ ಬೇರೆ ಕಚೇರಿಗಳಲ್ಲಿ ಬೇರೆ ಬೇರೆ ನಾಲಿಗೆಯಲ್ಲಿ ನಾವು ಕೇಳುತ್ತಲೇ ಇದ್ದೇವೆ.

ಆ ಅರ್ಜಿ ದಂಡವಾಗಲಿಲ್ಲ. ಧಾರವಾಡದ ಒಂದು ಬಾಗಿಲು ತಟ್ಟಿದ ಸದ್ದು ಕಲ್ಕತ್ತಕ್ಕೂ ಲಂಡನ್ನಿಗೂ ಹೋಯಿತು. 1858ರಲ್ಲಿ ಕಂಪನಿಯ ನಿರ್ದೇಶಕ ಮಂಡಳಿ, ಸರ್ಕಾರಿ ಶಾಲೆಗಳು ಎಲ್ಲ ಜಾತಿಯ ಮಕ್ಕಳಿಗೂ ತೆರೆದಿರಬೇಕು ಎಂಬ ತತ್ವವನ್ನು ಎತ್ತಿ ಹಿಡಿಯಿತು. 1882ರ ಹಂಟರ್ ಕಮಿಷನ್ ಆ ತತ್ವವನ್ನು ಮತ್ತೆ ಹೇಳಿತು. ಆದರೆ ಹುಷಾರಾಗಿ ಜಾರಿ ಮಾಡಿ ಎಂದು ಬಾಲ ಕಟ್ಟಿತು. ಕಾಗದದ ಮೇಲೆ ಬಾಗಿಲು ತೆರೆಯಿತು, ನೆಲದ ಮೇಲೆ ಜಗಲಿಯವರೆಗೆ ಮಾತ್ರ. ಎಪ್ಪತ್ತೆರಡು ವರ್ಷಗಳ ಮೇಲೆ, 1928ರಲ್ಲಿ, ಸೈಮನ್ ಕಮಿಷನ್ನಿನ ಮುಂದೆ ಬಹಿಷ್ಕೃತ ಹಿತಕಾರಿಣಿ ಸಭಾದ ಪರವಾಗಿ ಹೇಳಿಕೆ ಬರೆದ ಬಾಬಾಸಾಹೇಬರು ಧಾರವಾಡದ ಈ ಹುಡುಗನ ಕತೆಯನ್ನು ಎತ್ತಿ ಎದುರಿಗಿಟ್ಟರು. ಒಂದು ಅರ್ಜಿ ಅಷ್ಟು ದಿನ ಬದುಕಿತ್ತು. ಬರೆದಿಟ್ಟದ್ದಕ್ಕೆ ಆಯಸ್ಸು ಜಾಸ್ತಿ ಎಂದು ನಾವು ಮಕ್ಕಳಿಗೆ ಮೊದಲು ಹೇಳಿಕೊಡಬೇಕಾದ ಪಾಠ ಇದೇ.

ಹದಿನಾಲ್ಕರ ಹುಡುಗಿ ಬರೆದ ಪ್ರಬಂಧ

ಧಾರವಾಡದ ಅರ್ಜಿಗೆ ಒಂದು ವರ್ಷ ಮುಂಚೆ, ಪುಣೆಯಲ್ಲಿ ಇನ್ನೊಂದು ಬರಹ ಅಚ್ಚಾಗಿತ್ತು. ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ 1848ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದವರು, ಮುಂದೆ ಮಹಾರ್ ಮತ್ತು ಮಾಂಗ್ ಮಕ್ಕಳಿಗೂ ಶಾಲೆ ನಡೆಸಿದವರು. ಅವರ ಶಾಲೆಯಲ್ಲಿ ಓದುತ್ತಿದ್ದ ಮಾಂಗ್ ಜಾತಿಯ ಹುಡುಗಿ ಮುಕ್ತಾ. ವಯಸ್ಸು ಹದಿನಾಲ್ಕರ ಆಸುಪಾಸು. ಅವಳು ಬರೆದದ್ದು ಶಾಲೆಯ ಪ್ರಬಂಧ, ಮಾಂಗ್ ಮಹಾರರ ದುಃಖದ ಬಗ್ಗೆ. 1855ರಲ್ಲಿ 'ಜ್ಞಾನೋದಯ' ಎಂಬ ಮರಾಠಿ ಪತ್ರಿಕೆ ಅದನ್ನು ಪ್ರಕಟಿಸಿತು.

ಆ ಹುಡುಗಿ ಗೈಡು ನೋಡಿ ಬರೆಯಲಿಲ್ಲ. ದೊಡ್ಡವರ ಕಟ್ಟಡಗಳ ಬುನಾದಿಗೆ ತನ್ನ ಜನರನ್ನು ಹಾಕಿ ಹೂತದ್ದನ್ನು ಬರೆದಳು. ಪೇಶ್ವೆ ಬಾಜಿರಾಯನ ಕಾಲದಲ್ಲಿ ಗರಡಿಮನೆಯ ಮುಂದೆ ಹಾದುಹೋದ ತಪ್ಪಿಗೆ ತಲೆ ಕತ್ತರಿಸಿ ಚೆಂಡಾಡಿದ್ದನ್ನು ಬರೆದಳು. ಸೂರಿಲ್ಲದ ಜಾಗದಲ್ಲಿ ಹೆರುವ ತಾಯಂದಿರ ಪಾಡು ಬರೆದಳು. ವೇದ ಬ್ರಾಹ್ಮಣರದು ಮಾತ್ರ ಎನ್ನುವುದಾದರೆ ನಮ್ಮ ಧರ್ಮ ಯಾವುದು ಎಂದು ಕೇಳಿದಳು. ಒಬ್ಬನಿಗೆ ಮಾತ್ರ ಸಲ್ಲುವ ಧರ್ಮ ಮಣ್ಣುಪಾಲಾಗಲಿ ಎಂದಳು. ಓದಿರಿ, ವಿದ್ಯೆಯೇ ಮದ್ದು ಎಂದು ತನ್ನವರನ್ನು ಕೂಗಿದಳು.

ಶಾಲೆಗೆ ಸೇರಿ ಆಗಿನ್ನೂ ಮೂರೇ ವರ್ಷ. ಹೇಗೆ ಬಂತು ಈ ಬರವಣಿಗೆ? ಸಾವಿತ್ರಿಬಾಯಿ ಶಾಲೆಯಲ್ಲಿ ಅವಳಿಗೆ ಅಕ್ಷರವಷ್ಟೇ ಸಿಗಲಿಲ್ಲ, ನಿನ್ನ ಮಾತಿಗೂ ಬೆಲೆ ಇದೆ ಎಂಬ ಧೈರ್ಯ ಸಿಕ್ಕಿತು ಎಂದು ನಮಗೆ ಅನ್ನಿಸುತ್ತದೆ. ವಿಷಯ ಅವಳದು, ಭಾಷೆ ಅವಳದು, ಸಿಟ್ಟು ಅವಳದು. ಪ್ರಬಂಧ ಪಾಠದ ಗುಟ್ಟೆಲ್ಲ ಇಷ್ಟರಲ್ಲೇ ಇದೆ.

ಅದೇ ಫುಲೆ ದಂಪತಿಗಳು ಇಂಗ್ಲಿಷನ್ನೂ ದೂರ ಇಡಲಿಲ್ಲ. ಇಂಗ್ಲಿಷ್ ಕಲಿಯಿರಿ ಎಂದು ಸಾವಿತ್ರಿಬಾಯಿ ಪದ್ಯವನ್ನೇ ಬರೆದರು. 1873ರಲ್ಲಿ ಬಂದ ಜೋತಿಬಾರ 'ಗುಲಾಮಗಿರಿ' ಮರಾಠಿ ಪುಸ್ತಕ, ಅದಕ್ಕೆ ಇಂಗ್ಲಿಷಿನಲ್ಲೂ ಮುನ್ನುಡಿ. ಅರ್ಪಣೆ ಮಾಡಿದ್ದು ಗುಲಾಮಗಿರಿಯ ವಿರುದ್ಧ ಹೋರಾಡಿದ ಅಮೆರಿಕದ ಜನರಿಗೆ. ತನ್ನವರಿಗೆ ಹೇಳುವಾಗ ತನ್ನವರ ಭಾಷೆ, ಲೋಕಕ್ಕೆ ಹೇಳುವಾಗ ಲೋಕದ ಭಾಷೆ. 1882ರಲ್ಲಿ ಹಂಟರ್ ಕಮಿಷನ್ನಿಗೆ ಕೊಟ್ಟ ಮನವಿಯಲ್ಲಿ ಜೋತಿಬಾ ಲೆಕ್ಕ ಕೇಳಿದರು: ಕಂದಾಯ ಬರುವುದು ರೈತನ ಬೆವರಿನಿಂದ, ಖರ್ಚಾಗುವುದು ಮೇಲುಜಾತಿಯವರ ಉನ್ನತ ವಿದ್ಯೆಗೆ, ಇದು ಯಾವ ನ್ಯಾಯ? ಹನ್ನೆರಡು ವರ್ಷದವರೆಗೆ ಎಲ್ಲ ಮಕ್ಕಳಿಗೂ ಕಡ್ಡಾಯ ವಿದ್ಯೆ ಕೊಡಿ ಎಂದರು. ಕನ್ನಡವೋ ಇಂಗ್ಲಿಷೋ ಎಂದು ಇವತ್ತು ಕುಸ್ತಿಗೆ ನಿಂತಿರುವ ನಮ್ಮ ಗೆಳೆಯರು ಈ ಪುಟಗಳನ್ನು ತಿರುವಿ ಹಾಕಬೇಕು.

ರಾಮಜಿ ಹೇಳಿಕೊಟ್ಟ ಪಾಠ

ಬಾಬಾಸಾಹೇಬರ ಇಂಗ್ಲಿಷಿನ ಬಗ್ಗೆ ನಮ್ಮ ಸಭೆಗಳಲ್ಲಿ ಬಹಳ ಹೆಮ್ಮೆಯಿಂದ ಮಾತಾಡುತ್ತೇವೆ. ಕೊಲಂಬಿಯಾ, ಲಂಡನ್ ಅನ್ನುತ್ತೇವೆ. ಆ ಇಂಗ್ಲಿಷ್ ಶುರುವಾದ ಜಾಗವನ್ನು ಮರೆಯುತ್ತೇವೆ.

ಅದು ಶುರುವಾದದ್ದು ಮನೆಯಲ್ಲಿ. ತಂದೆ ರಾಮಜಿ ಸೈನ್ಯದಲ್ಲಿದ್ದು ನಿವೃತ್ತರಾದವರು, ಮಕ್ಕಳ ಓದಿಗೆ ಪಟ್ಟು ಹಿಡಿದು ಕೂತವರು. ತರ್ಖಡ್ಕರರ ಭಾಷಾಂತರ ಪಾಠಮಾಲೆಯನ್ನು ಮಗನಿಂದ ಮನನ ಮಾಡಿಸಿದರು. ಮರಾಠಿಯ ಮಾತಿಗೆ ಸರಿಯಾದ ಇಂಗ್ಲಿಷ್ ಮಾತು ಯಾವುದು, ಅದನ್ನು ಎಲ್ಲಿ ಇಡಬೇಕು ಎಂದು ಹುಡುಕಿಸಿದರು. ಅಂದರೆ ತಾಯ್ನುಡಿಯ ಹೆಗಲ ಮೇಲೆ ಕೂತು ಇಂಗ್ಲಿಷಿನ ಗೋಡೆ ಹತ್ತಿದ್ದು. ಶಾಲೆಯಲ್ಲಾದರೋ ಮನೆಯಿಂದ ತಂದ ಗೋಣಿತಾಟಿನ ಮೇಲೆ ಮೂಲೆಯಲ್ಲಿ ಕೂರಬೇಕು. ಜವಾನ ಬಂದು ನಲ್ಲಿ ತಿರುಗಿಸಿದರೆ ನೀರು, ಇಲ್ಲದಿದ್ದರೆ ಬಾಯಾರಿಕೆ. ಮುಂದೆ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಯುವ ಆಸೆಗೆ ಬಾಗಿಲು ಹಾಕಿದ್ದರಿಂದ ಪಾರ್ಸಿ ಭಾಷೆ ತೆಗೆದುಕೊಳ್ಳಬೇಕಾಯಿತು. 1907ರಲ್ಲಿ ಮೆಟ್ರಿಕ್ ಪಾಸು. 1912ರಲ್ಲಿ ಬಿ.ಎ. 1913ರಲ್ಲಿ ಬರೋಡದ ವಿದ್ಯಾರ್ಥಿವೇತನದಿಂದ ಅಮೆರಿಕ. 1916ರ ಮೇ 9ರಂದು ಕೊಲಂಬಿಯಾ ವಿಶ್ವವಿದ್ಯಾಲಯದ ಸೆಮಿನಾರಿನಲ್ಲಿ ಅವರು ಓದಿದ್ದು ಭಾರತದ ಜಾತಿಗಳನ್ನು ಕುರಿತ ಪ್ರಬಂಧ. ಆಗ ವಯಸ್ಸು ಇಪ್ಪತ್ತೈದು. ನಮ್ಮದೇ ವಯಸ್ಸು! ಅದೂ ವಿದ್ಯಾರ್ಥಿಯೊಬ್ಬ ಬರೆದ ಪ್ರಬಂಧವೇ ಎನ್ನುವುದನ್ನು ನಮ್ಮ ಮಕ್ಕಳಿಗೆ ಹೇಳಿದರೆ ಕಣ್ಣರಳಿಸುತ್ತವೆ.

ಆದರೆ ಮಕ್ಕಳಿಗೆ ಮಾದರಿಯಾಗಿ ನಾವು ಹೇಳುವುದು ಅವರ ಇನ್ನೊಂದು ಬರಹ, 'ವೇಟಿಂಗ್ ಫಾರ್ ಎ ವೀಸಾ'. 1901ರಲ್ಲಿ ಮಕ್ಕಳಷ್ಟೇ ರೈಲು ಹತ್ತಿ ತಂದೆಯ ಊರಿಗೆ ಹೊರಟ ಕತೆ ಅದರಲ್ಲಿದೆ. ಮಸೂರ್ ಸ್ಟೇಷನ್ನಿನಲ್ಲಿ ಇಳಿದರು, ಕರೆಯಲು ಯಾರೂ ಬಂದಿರಲಿಲ್ಲ. ಮಹಾರ್ ಎಂದು ಗೊತ್ತಾದ ತಕ್ಷಣ ಸ್ಟೇಷನ್ ಮಾಸ್ತರನ ಮುಖವೇ ಬದಲಾಯಿತು. ಗಾಡಿಯವರು ಯಾರೂ ಒಪ್ಪಲಿಲ್ಲ. ಕೊನೆಗೆ ಒಬ್ಬ ಎರಡರಷ್ಟು ಬಾಡಿಗೆಗೆ ಒಪ್ಪಿದ. ಗಾಡಿ ಹೊಡೆಯಬೇಕಾದವರು ಮಕ್ಕಳೇ, ಗಾಡಿಯವನು ಪಕ್ಕದಲ್ಲಿ ನಡೆದು ಬರುವುದು. ಬುತ್ತಿ ಕೈಲಿದ್ದರೂ ಕುಡಿಯುವ ನೀರಿಲ್ಲದೆ ರಾತ್ರಿ ಕಳೆದರು. ಇಷ್ಟನ್ನೂ ಬಾಬಾಸಾಹೇಬರು ಗಂಟಲು ಏರಿಸದೆ ಬರೆದಿದ್ದಾರೆ. ಸ್ಟೇಷನ್ನಿನ ಹೆಸರು, ಹೊತ್ತು, ಬಾಡಿಗೆ, ನೀರು. ಸಣ್ಣ ಸಣ್ಣ ವಾಕ್ಯ. ಓದಿದವನ ಎದೆ ತಾನಾಗಿ ಉರಿಯುತ್ತದೆ. ಪ್ರಬಂಧಕ್ಕೆ ಇದಕ್ಕಿಂತ ದೊಡ್ಡ ಗೈಡು ಇನ್ನೇನು ಬೇಕು?

ನಮ್ಮ ನೆಲದ ಜಗಳ

ಕನ್ನಡದ ನೆಲದಲ್ಲೂ ದಾರಿ ಕಡಿದವರಿದ್ದಾರೆ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಜಾತಿಯವರ ಬಹಿಷ್ಕಾರ ತಿಂದುಕೊಂಡು 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ಮೈಸೂರು ಸಂಸ್ಥಾನದಲ್ಲಿ ಪಂಚಮರ ವಿದ್ಯೆಗೆ ದುಡಿದವರು ಗೋಪಾಲಸ್ವಾಮಿ ಅಯ್ಯರ್. ಅವರ ಹೆಸರಿನ ಬೆಂಗಳೂರಿನ ಹಾಸ್ಟೆಲಿನಲ್ಲಿ ಇದ್ದು ಓದಿದ ಹುಡುಗನೇ 1975ರಲ್ಲಿ 'ಹೊಲೆಮಾದಿಗರ ಹಾಡು' ಕೊಟ್ಟ ಸಿದ್ಧಲಿಂಗಯ್ಯ. ಹಾಸ್ಟೆಲಿನ ನೀರು ಸಾರು ಉಂಡವರ ಕೈಯಿಂದಲೇ ಕನ್ನಡಕ್ಕೆ ಹೊಸ ರಕ್ತ ಬಂತು ಎಂಬುದನ್ನು ಯಾರೂ ಅಲ್ಲಗಳೆಯಲಾರರು.

1973ರ ನವೆಂಬರ್ 19ರಂದು ಮೈಸೂರಿನಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದರು. ಇಂಗ್ಲಿಷ್ ಕಲಿಯಿರಿ ಎಂಬ ಮಾತೂ ಅದರ ಜೊತೆಗಿತ್ತು. ರಾಜ್ಯಕ್ಕೆ ಬೆಂಕಿ ಬಿತ್ತು. ದಲಿತ ವಿದ್ಯಾರ್ಥಿಗಳ ಮೇಲೆ ಕೈ ಮಾಡಿದರು. ಬಸವಲಿಂಗಪ್ಪನವರು ಮಂತ್ರಿ ಪದವಿ ಬಿಡಬೇಕಾಯಿತು. ಆ ಏಟು ತಿಂದ ಹುಡುಗರೇ ಸಂಘಟನೆ ಕಟ್ಟಿದರು. ಆದರೆ ವಿಚಿತ್ರ ನೋಡಿ: ಇಂಗ್ಲಿಷ್ ಕಲಿಯಿರಿ ಎಂಬ ಮಾತಿನಿಂದ ಹುಟ್ಟಿದ ಜಗಳದಲ್ಲಿ ಬೆಂದು ಬಂದವರು ಕನ್ನಡವನ್ನು ಬಿಟ್ಟು ಹೋಗಲಿಲ್ಲ. ಅವರು ಬರೆದದ್ದು ಕನ್ನಡದಲ್ಲಿ, ಕೇರಿಯ ಕನ್ನಡದಲ್ಲಿ. ಬೂಸಾ ಎಂದವರ ಮಾತಿಗೆ ಕೊಟ್ಟ ದೊಡ್ಡ ಗೌರವ ಅದೇ. ಬೂಸಾ ಅಲ್ಲದ ಕಾಳನ್ನು ಅವರು ತಾವೇ ಬೆಳೆದು ತೋರಿಸಿದರು.

ಆಮೇಲೆ 1981ರಲ್ಲಿ ಗೋಕಾಕ್ ವರದಿ, 1982ರಲ್ಲಿ ಚಳುವಳಿ. 1994ರಲ್ಲಿ ನಾಲ್ಕನೇ ತರಗತಿಯವರೆಗೆ ತಾಯ್ನುಡಿಯಲ್ಲೇ ಕಲಿಕೆ ಎಂಬ ಸರ್ಕಾರಿ ಆದೇಶ. ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು. ಈ ವಾದಗಳು ವೇದಿಕೆಯ ಮೇಲೆ ನಡೆಯುತ್ತಿದ್ದಾಗ ಉಳ್ಳವರ ಮಕ್ಕಳು ಸದ್ದಿಲ್ಲದೆ ಕಾನ್ವೆಂಟಿನ ವ್ಯಾನು ಹತ್ತಿದರು. 2007ರಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಬರುವತನಕ ಸರ್ಕಾರಿ ಶಾಲೆಯ ಮಕ್ಕಳಿಗೆ ಇಂಗ್ಲಿಷ್ ಅಕ್ಷರ ಸಿಗುತ್ತಿದ್ದುದು ಐದನೇ ತರಗತಿಯಲ್ಲಿ. ಕನ್ನಡ ಉಳಿಸುವ ಭಾರವನ್ನು ಕೇರಿಯ ಮಕ್ಕಳ ತಲೆಗೆ ಹೊರಿಸಿ, ಇಂಗ್ಲಿಷಿನ ಲಾಭವನ್ನು ತಮ್ಮ ಮಕ್ಕಳ ಜೇಬಿಗೆ ಇಳಿಸಿದವರ ಕನ್ನಡಪ್ರೇಮವನ್ನು ನಾವು ನಂಬುವುದಿಲ್ಲ. ಹಾಗೆಯೇ ಇಂಗ್ಲಿಷ್ ಒಂದು ಬಂದರೆ ಜಾತಿ ಹೋಗುತ್ತದೆ ಅನ್ನುವವರನ್ನೂ ನಾವು ನಂಬುವುದಿಲ್ಲ. ಜಾತಿಗೆ ಇಂಗ್ಲಿಷೂ ಚೆನ್ನಾಗಿಯೇ ಬರುತ್ತದೆ.

ನಾವು ಏನು ಮಾಡುತ್ತಿದ್ದೇವೆ

ಚರಿತ್ರೆಯಿಂದ ನಾವು ಕಲಿತದ್ದನ್ನು ಭವನದ ನೆಲದ ಮೇಲೆ ಪ್ರಯೋಗ ಮಾಡುತ್ತಿದ್ದೇವೆ. ಹಳ್ಳಿಯ ಮೇಷ್ಟ್ರುಗಳಿಗೆ ಉಪಯೋಗವಾದರೆ ಆಗಲಿ ಎಂದು ಹೇಳುತ್ತೇವೆ.

ಮೊದಲು ಬಾಯಲ್ಲಿ ಹೇಳಿಸುತ್ತೇವೆ, ಮನೆಯಲ್ಲಿ ಆಡುವ ಮಾತಿನಲ್ಲೇ. 'ನಿನ್ನೆ ನಿಮ್ಮವ್ವ ಕೂಲಿಯಿಂದ ಬಂದ ಮ್ಯಾಲೆ ಏನೇನು ಮಾಡ್ತು, ಹೇಳು.' ಹೇಳು ಎಂದರೆ ಯಾವ ಮಗುವೂ ಮೂಗಿಯಲ್ಲ. ಆಮೇಲೆ ಅದನ್ನೇ ಕನ್ನಡದಲ್ಲಿ ಹತ್ತು ವಾಕ್ಯ ಬರೆಸುತ್ತೇವೆ. ಆ ಹತ್ತನ್ನು ಇಂಗ್ಲಿಷಿಗೆ ತಿರುಗಿಸುವುದು ಮೂರನೇ ಕೆಲಸ. ರಾಮಜಿ ಮಾಡಿಸಿದ್ದೂ ಇದನ್ನೇ.

ತಿರುಗಿಸುವಾಗ ಒಂದೇ ಒಂದು ಗುಟ್ಟು ಹೇಳಿಕೊಡುತ್ತೇವೆ. ಕನ್ನಡದಲ್ಲಿ ಮಾಡಿದ ಕೆಲಸ ವಾಕ್ಯದ ಕೊನೆಗೆ ಬರುತ್ತದೆ: ಅವ್ವ ಮುದ್ದೆ ಕಟ್ಟಿದಳು. ಇಂಗ್ಲಿಷಿನಲ್ಲಿ ಮಾಡಿದವರ ಬೆನ್ನಿಗೇ ಕೆಲಸ ಬರುತ್ತದೆ: ಅವ್ವ, ಕಟ್ಟಿದಳು, ಮುದ್ದೆ. ಯಾರು, ಏನು ಮಾಡಿದರು, ಏನನ್ನು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೂರು ಮನೆ ಬರೆದು ಮಕ್ಕಳನ್ನೇ ಪದಗಳನ್ನಾಗಿ ಮಾಡಿ ನಿಲ್ಲಿಸಿದರೆ ಅರ್ಧ ಗಂಟೆಯಲ್ಲಿ ಹಿಡಿದುಬಿಡುತ್ತಾರೆ. ಮುದ್ದೆಗೆ ಇಂಗ್ಲಿಷ್ ಹುಡುಕಿ ತಲೆ ಕೆಡಿಸಿಕೊಳ್ಳಬೇಡಿ, ಮುದ್ದೆಯನ್ನು ಮುದ್ದೆ ಎಂದೇ ಬರೆಯಿರಿ ಎನ್ನುತ್ತೇವೆ.

ಕರ್ಮಣಿ ಪ್ರಯೋಗದ ಪಾಠ ಬಂದಾಗ ಧಾರವಾಡದ ಕತೆ ಹೇಳುತ್ತೇವೆ. 'ಹುಡುಗನನ್ನು ಶಾಲೆಗೆ ಸೇರಿಸಲಾಗಲಿಲ್ಲ.' ವಾಕ್ಯ ಸರಿಯಾಗಿದೆ, ಆದರೆ ಸೇರಿಸದವನು ಯಾರು? ವಾಕ್ಯದಲ್ಲಿ ಅವನು ಅಡಗಿ ಕೂತಿದ್ದಾನೆ. ತೊಂದರೆ ನಮ್ಮಿಂದ ಹುಟ್ಟಿದ್ದಲ್ಲ ಎಂದ ಸರ್ಕಾರಕ್ಕೂ ಇಂಥ ವಾಕ್ಯಗಳೇ ಇಷ್ಟ. ಅಡಗಿದವನನ್ನು ಹೊರಕ್ಕೆ ಎಳೆದು ವಾಕ್ಯದ ತಲೆಯಲ್ಲಿ ನಿಲ್ಲಿಸಿ ಎಂದರೆ ಮಕ್ಕಳಿಗೆ ವ್ಯಾಕರಣದಲ್ಲಿ ಎಲ್ಲಿಲ್ಲದ ಉಮೇದು ಬರುತ್ತದೆ.

ತಪ್ಪು ತಿದ್ದುವಾಗ ಪುಟವೆಲ್ಲ ಕೆಂಪು ಮಾಡುವುದಿಲ್ಲ. ಒಂದು ಸಲಕ್ಕೆ ಒಂದೇ ಬಗೆಯ ತಪ್ಪು. ಈ ವಾರ ಭೂತಕಾಲ, ಮುಂದಿನ ವಾರ ಕಾಗುಣಿತ. ಮೈಯೆಲ್ಲ ರಕ್ತವಾದ ಪುಟವನ್ನು ನೋಡಿದ ಮಗು ಮತ್ತೆ ಪೆನ್ನು ಎತ್ತುವುದಿಲ್ಲ. ನಾವು ಅಂಥ ಪುಟಗಳನ್ನು ಮಡಚಿ ಚಡ್ಡಿ ಜೇಬಿನಲ್ಲಿ ಬಚ್ಚಿಟ್ಟುಕೊಂಡು ಬೆಳೆದವರು. ಕೊನೆಗೆ ಬರೆದವರೇ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಓದಬೇಕು. ಅರ್ಜಿ ಬರೆಯುವುದನ್ನೂ ಬಿಟ್ಟಿಲ್ಲ. ಹಾಸ್ಟೆಲಿನ ನೀರಿನ ಬಗ್ಗೆ, ನಿಲ್ಲದೆ ಹೋಗುವ ಬಸ್ಸಿನ ಬಗ್ಗೆ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಅರ್ಜಿ ಬರೆಸುತ್ತೇವೆ. ಪರೀಕ್ಷೆಗೂ ಆಯಿತು, ಊರಿಗೂ ಆಯಿತು.

ಗುಡಿಯ ಸಾಲು ಬರೆದಿದ್ದ ಹುಡುಗ ಒಂದು ತಿಂಗಳ ಮೇಲೆ 'ನನ್ನ ಹಳ್ಳಿ'ಯನ್ನು ಮತ್ತೆ ಬರೆದು ತಂದ. ಇಂಗ್ಲಿಷಿನಲ್ಲಿ ಹದಿನಾಲ್ಕು ವಾಕ್ಯ. ಕೆರೆ ಬತ್ತಿದೆ. ನಮ್ಮ ಕೇರಿ ಊರಿನ ಆಚೆಗಿದೆ. ಅಪ್ಪ ತಮಟೆ ಹೊಡೆಯುತ್ತಾನೆ. ಜಾತ್ರೆಯ ದಿನ ತಮಟೆ ಗುಡಿಯ ಮುಂದೆ ಇರುತ್ತದೆ. ಅಪ್ಪ ಗುಡಿಯ ಹೊರಗೆ ಇರುತ್ತಾನೆ. ನಾನು ಗುಡಿಯ ಒಳಗನ್ನು ನೋಡಿಲ್ಲ. ಮೂರು ಕಡೆ ಕ್ರಿಯಾಪದ ತಪ್ಪಿತ್ತು. ತಿದ್ದಿದೆವು. ಉಳಿದದ್ದರಲ್ಲಿ ನಾವು ತಿದ್ದುವಂಥದ್ದು ಏನೂ ಇರಲಿಲ್ಲ.

ಅವನು ಪುಸ್ತಕ ವಾಪಸು ತೆಗೆದುಕೊಳ್ಳುವಾಗ ಕೇಳಿದ: 'ಅಣ್ಣ, ಪರೀಕ್ಷೇಲಿ ಇದನ್ನ ಬರದ್ರೆ ಮಾರ್ಕ್ಸ್ ಕೊಡ್ತಾರಾ? ಇಲ್ಲ ಗೈಡಿಂದೇ ಬರೀಲಾ?'

ನಾವು ನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೊಡುತ್ತಾರೆ ಎಂದು ಹೇಳುವ ಧೈರ್ಯ ನಮಗೆ ಬರಲಿಲ್ಲ. ಗೈಡಿನದೇ ಬರಿ ಎಂದು ಹೇಳುವುದಕ್ಕೆ ಬಾಯಿ ಬರಲಿಲ್ಲ.

ಆದ್ದರಿಂದ ಈ ಪತ್ರಿಕೆ ಓದುವ ಮೇಷ್ಟ್ರುಗಳೇ, ಮೇಡಂಗಳೇ, ಆ ಪ್ರಶ್ನೆಯನ್ನು ನಿಮಗೆ ದಾಟಿಸುತ್ತಿದ್ದೇವೆ. ಏಪ್ರಿಲ್ ಬಿಸಿಲಿನಲ್ಲಿ ಮೌಲ್ಯಮಾಪನಕ್ಕೆ ಕೂತಾಗ, ನೂರು ಗೈಡಿನ ಹಳ್ಳಿಗಳ ನಡುವೆ ಒಂದು ಬತ್ತಿದ ಕೆರೆ, ಒಂದು ತಮಟೆ, ಗುಡಿಯ ಹೊರಗೆ ನಿಂತ ಒಬ್ಬ ಅಪ್ಪ ನಿಮ್ಮ ಮೇಜಿಗೆ ಬಂದರೆ ಒಂದು ನಿಮಿಷ ಪೆನ್ನು ಕೆಳಗಿಡಿ. ಎರಡು ಸಲ ಓದಿ. ಅದು ಧಾರವಾಡದಿಂದ ಬಂದ ಅರ್ಜಿ. ನ್ಯಾಯ ನಿನ್ನ ಕಡೆ ಇದೆ, ಆದರೆ ಎಂದು ಬರೆದು ಮಾತ್ರ ಕಳಿಸಬೇಡಿ.